ಪುಸ್ತಕ ಫೋನಿಗೆ ಬರುವಾಗ ಮಾಸ್ತರು ಹೊರಗುಳಿಯಬಾರದು

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲಿ ಮೊದಲ ಚಟುವಟಿಕೆಯೇ ಮೆಗ್ನೀಸಿಯಂ ಪಟ್ಟಿ ಉರಿಸುವುದು. ಇದಕ್ಕೆ ಶಿಕ್ಷಕರ ನೆರವು ಬೇಕು, ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಪುಸ್ತಕ ಬರೆದವರ ಮನಸ್ಸಿನಲ್ಲಿ ಒಂದು ತರಗತಿ ಕೋಣೆಯಿತ್ತು, ಅದರಲ್ಲಿ ಒಬ್ಬ ಮಾಸ್ತರರಿದ್ದರು ಎನ್ನುವುದಕ್ಕೆ ಇಷ್ಟು ಸಾಕು. ಮಕ್ಕಳ ಮುಖ ನೋಡಿ ನಿಲ್ಲಿಸುವುದು, ಹಿಂದಿನ ವರ್ಷದ ಪಾಠವನ್ನು ನೆನಪಿಸುವುದು, ಉತ್ತರ ತಪ್ಪಾದಾಗ ಎಲ್ಲಿ ತಪ್ಪಿತೆಂದು ಹುಡುಕುವುದು, ಇದ್ಯಾವುದೂ ಪುಟದಲ್ಲಿ ಅಚ್ಚಾಗಿಲ್ಲ. ಇದನ್ನೆಲ್ಲ ಮಾಸ್ತರರು ಮಾಡುತ್ತಾರೆಂಬ ಭರವಸೆಯ ಮೇಲೆಯೇ ಪುಸ್ತಕ ನಿಂತಿದೆ. ಆ ಪುಟಗಳ ಪಿಡಿಎಫ್ ಅನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ, ಅಥವಾ ಕ್ಯಾಮೆರಾ ಮುಂದೆ ಕುಳಿತು ಓದಿ ಹೇಳಿದರೆ, ಮಗುವಿಗೆ ಅರ್ಧ ಪಾಠವಷ್ಟೇ ಸಿಗುತ್ತದೆ. ಪುಟದ ಹೊರಗಿನ ಇನ್ನರ್ಧವನ್ನು ತಯಾರಿಸುವುದೇ ಆನ್‌ಲೈನ್ ಕೋರ್ಸ್ ಕಟ್ಟುವ ಕೆಲಸ.

ಈ ಬರಹ ಬೀದರ್, ಭಾಲ್ಕಿ, ಔರಾದ್ ಕಡೆಯ ಹೈಸ್ಕೂಲ್ ಶಿಕ್ಷಕರನ್ನು ಎದುರಿಗಿಟ್ಟುಕೊಂಡು ಬರೆದದ್ದು. ಬೇರೆ ಜಿಲ್ಲೆಯವರಿಗೂ ಇದರಲ್ಲಿ ಕೆಲಸಕ್ಕೆ ಬರುವುದು ಸಾಕಷ್ಟಿದೆ.

ಮೊದಲು ಮಗುವಿನ ಮನೆಯನ್ನು ನೋಡಬೇಕು. ಬೀದರ್ ನಗರದ ಅಂಚಿಗಿರುವ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ಮನೆಗಳಿವೆ. ಅಂಥ ಮನೆಯಲ್ಲಿ ಫೋನ್ ಒಂದೇ ಇದ್ದರೆ ಅದು ಅಪ್ಪನ ಜೊತೆ ಡ್ಯೂಟಿಗೆ ಹೋಗುತ್ತದೆ, ರಾತ್ರಿ ಮನೆಗೆ ಬರುತ್ತದೆ. ಮುಂಜಾನೆ ಹತ್ತಕ್ಕೆ ಲೈವ್ ಕ್ಲಾಸ್ ಇಟ್ಟರೆ ಆ ಮಗು ಗೈರುಹಾಜರಿಯೇ. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ 14ರಿಂದ 16 ವಯಸ್ಸಿನ ಸುಮಾರು ಶೇ 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದನ್ನು ಬಳಸಲು ಬಲ್ಲ ಮಕ್ಕಳಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದ್ದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದವರು ಶೇ 76. ಮನೆಯಲ್ಲಿ ಫೋನ್ ಇದೆ ಎಂದಮಾತ್ರಕ್ಕೆ ಅದು ಓದುವ ಹೊತ್ತಿಗೆ ಮಗುವಿನ ಕೈಗೆ ಬರುತ್ತದೆ ಎಂದಲ್ಲ. ಆದ್ದರಿಂದ ಇಂಥ ಕೋರ್ಸ್ ಲೈವ್ ಆಗಿರಬಾರದು. ರಾತ್ರಿ ಅರ್ಧ ಗಂಟೆ ಫೋನ್ ಸಿಕ್ಕರೂ ಒಂದು ತುಂಡು ಪೂರ್ತಿಯಾಗುವಂತಿರಬೇಕು, ಮರುದಿನ ಫೋನ್ ಸಿಗದಿದ್ದರೆ ಪುಸ್ತಕ ಮತ್ತು ನೋಟ್‌ಬುಕ್ಕಿನಲ್ಲೇ ಮುಂದಿನ ಕೆಲಸ ಸಾಗುವಂತಿರಬೇಕು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸೇತುಬಂಧ ಪಾಠಗಳು ಬಂದವು, ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಶಿಕ್ಷಕರು ಮಕ್ಕಳನ್ನು ಕೂಡಿಸಿ ಕಲಿಸುವ ವಿದ್ಯಾಗಮ ನಡೆಯಿತು. ಟಿ.ವಿ. ಪಾಠ ಸಾವಿರಾರು ಮನೆಗೆ ಮುಟ್ಟಿತು, ಆದರೆ ಮಗು ಅದಕ್ಕೆ ಪ್ರಶ್ನೆ ಕೇಳಲಾಗಲಿಲ್ಲ. ವಿದ್ಯಾಗಮದಲ್ಲಿ ಕೇಳಬಹುದಿತ್ತು. ಆ ಎರಡನ್ನೂ ನೋಡಿದವರಿಗೆ ಯಾವುದು ಕಲಿಸಿತೆಂದು ವಿವರಿಸಬೇಕಿಲ್ಲ.

ಇಂಥ ಕೋರ್ಸಿನ ಅಗತ್ಯ ಅತಿ ಹೆಚ್ಚಾಗಿರುವುದು ಜೂನ್ ತಿಂಗಳಲ್ಲಿ ಅಲ್ಲ. 2023–24ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆಯುವ ಅವಕಾಶವಿದೆ. ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ಬೇಸಿಗೆ ರಜೆ, ಶಾಲೆ ಇರುವುದಿಲ್ಲ. ಔರಾದ್, ಭಾಲ್ಕಿ ಹಳ್ಳಿಗಳ ಕೆಲವು ಮನೆಯವರು ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿರುತ್ತಾರೆ, ಮಕ್ಕಳೂ ಜೊತೆಗೆ. ಗಣಿತ, ವಿಜ್ಞಾನದಲ್ಲಿ ಉಳಿದ ಆ ಮಗುವಿಗೆ ಮುಂದಿನ ಪರೀಕ್ಷೆಗೆ ಇರುವುದು ಕೆಲವೇ ವಾರ. ಊರು ಬಿಟ್ಟರೂ ಜೊತೆಗೆ ಬರುವ ಪಾಠ ಅವರಿಗೆ ಬೇಕು. ಕೋರ್ಸ್ ಮಾಡುವವರು ಈ ಮಗುವನ್ನು ಮೊದಲು ನೆನೆಯಲಿ, ತೊಂಬತ್ತು ಅಂಕ ತೆಗೆಯುವ ಮಗುವನ್ನು ಆಮೇಲೆ.

ಒಂದು ಪಾಠ, ಇಡೀ ಪುಸ್ತಕವಲ್ಲ

ಭಾಗ 1, ಭಾಗ 2 ಎರಡನ್ನೂ ಒಟ್ಟಿಗೆ ಹಿಡಿದವರು ಅರ್ಧಕ್ಕೇ ಬಿಡುತ್ತಾರೆ. ಒಂದು ಪಾಠ ಆರಿಸಿ. ಆರಿಸುವ ಮುನ್ನ ಪುಸ್ತಕ ಯಾವ ವರ್ಷದ ಮುದ್ರಣವೆಂದು ನೋಡಿ. ನಮ್ಮ ಗಣಿತ, ವಿಜ್ಞಾನದ ಪುಸ್ತಕಗಳ ಮೂಲ ಎನ್‌ಸಿಇಆರ್‌ಟಿಯದು. ಅಲ್ಲಿ 2022ರಲ್ಲಿ ಧಾತುಗಳ ಆವರ್ತನೀಯ ವರ್ಗೀಕರಣದಂಥ ಪಾಠಗಳನ್ನೇ ಕೈಬಿಟ್ಟರು. ರಾಜ್ಯದ ಕನ್ನಡ, ಸಮಾಜ ವಿಜ್ಞಾನ ಪುಸ್ತಕಗಳು 2022ರಲ್ಲಿ ಪರಿಷ್ಕರಣೆಗೊಂಡವು, 2023ರಲ್ಲಿ ಮತ್ತೆ ಬದಲಾದವು. ಪ್ರತಿ ವಿಡಿಯೊ, ಪ್ರತಿ ಪ್ರಶ್ನೆಪತ್ರಿಕೆಯ ಹೆಸರಿನಲ್ಲೇ ವರ್ಷವನ್ನು ಸೇರಿಸಿಬಿಡಿ. ಮೂರು ವರ್ಷದ ನಂತರ ಯಾರೋ ಫಾರ್ವರ್ಡ್ ಮಾಡಿದಾಗ ಮಗು ಇಲ್ಲದ ಪಾಠವನ್ನು ಓದಿ ಹೊತ್ತು ಕಳೆಯಬಾರದು.

ಆಮೇಲೆ ಪಾಠವನ್ನು ಕೊನೆಯಿಂದ ಓದಿ. ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮೆಕ್‌ಟೈ 1998ರ ತಮ್ಮ ಪುಸ್ತಕದಲ್ಲಿ ಇದನ್ನು ಒಂದು ವಿಧಾನವಾಗಿಯೇ ಬೆಳೆಸಿದರು: ಮಗು ಕೊನೆಗೆ ಏನು ಮಾಡಬಲ್ಲದಾಗಬೇಕು, ಮಾಡಬಲ್ಲದು ಎಂದು ನಮಗೆ ಹೇಗೆ ಗೊತ್ತಾಗಬೇಕು, ಇವೆರಡನ್ನು ಬರೆದ ಮೇಲೆಯೇ ಪಾಠ ಹೇಗೆ ಮಾಡುವುದೆಂದು ಯೋಚಿಸುವುದು. ಅಭ್ಯಾಸದ ಪ್ರಶ್ನೆಗಳನ್ನೂ ಪರೀಕ್ಷಾ ಮಂಡಳಿಯ ಹಿಂದಿನ ಪತ್ರಿಕೆಗಳನ್ನೂ ಎದುರಿಗಿಟ್ಟುಕೊಂಡರೆ ಇದು ಒಂದು ಸಂಜೆಯ ಕೆಲಸ. ಭಾಷೆಗಳನ್ನು ಬಿಟ್ಟರೆ ಲಿಖಿತ ಪರೀಕ್ಷೆ 80 ಅಂಕದ್ದು, ಆಂತರಿಕ 20. ಆ 20ರ ಕೆಲಸಕ್ಕೆ, ಅಂದರೆ ಚಟುವಟಿಕೆ ಮತ್ತು ಸಣ್ಣ ಯೋಜನೆಗಳಿಗೆ, ಆನ್‌ಲೈನ್ ಪಾಠದಲ್ಲಿ ಒಳ್ಳೆಯ ಅವಕಾಶವಿದೆ. ಅದನ್ನು ಮರೆಯುವವರೇ ಹೆಚ್ಚು.

ನೋಟ್‌ಬುಕ್ಕಿನ ಪುಟದಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಪುಸ್ತಕ ಏನು ಹೇಳುತ್ತದೆ, ಎರಡನೆಯದರಲ್ಲಿ ತರಗತಿಯಲ್ಲಿ ನೀವು ಅದಕ್ಕೆ ಏನು ಸೇರಿಸುತ್ತೀರಿ, ಮೂರನೆಯದರಲ್ಲಿ ಮಗು ಏನು ಮಾಡುತ್ತದೆ. ಎರಡನೆಯ ಅಂಕಣವೇ ನಿಮ್ಮ ಕೋರ್ಸ್. ಅದನ್ನು ಬರೆಯಲು ಕಷ್ಟವೆನಿಸಿದರೆ, ಈ ಪಾಠವನ್ನು ಮುಂದಿನ ಸಲ ತರಗತಿಯಲ್ಲಿ ಮಾಡುವಾಗ ಮೇಜಿನ ಮೇಲೆ ಫೋನಿಟ್ಟು ನಿಮ್ಮದೇ ದನಿ ರೆಕಾರ್ಡ್ ಮಾಡಿ ಕೇಳಿ. ನಿಮಗೇ ಗೊತ್ತಿಲ್ಲದ ಎಷ್ಟೋ ವಿವರಣೆಗಳು ಅದರಲ್ಲಿ ಸಿಗುತ್ತವೆ.

ಲೋಹಗಳ ಪಾಠ, ಬಿದರಿಯ ಊರಿನಲ್ಲಿ

ಉದಾಹರಣೆಗೆ ‘ಲೋಹಗಳು ಮತ್ತು ಅಲೋಹಗಳು’ ಪಾಠವನ್ನೇ ತೆಗೆದುಕೊಳ್ಳೋಣ. ಹೆಚ್ಚು ಕ್ರಿಯಾಶೀಲ ಲೋಹವು ಕಡಿಮೆ ಕ್ರಿಯಾಶೀಲ ಲೋಹವನ್ನು ಅದರ ಲವಣದಿಂದ ಹೊರಹಾಕುತ್ತದೆ, ಇದು ಸ್ಥಾನಪಲ್ಲಟ ಕ್ರಿಯೆ. ಮೊದಲ ಪಾಠದಲ್ಲಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸುವ ಚಟುವಟಿಕೆಯಿಂದ ಇದನ್ನು ತೋರಿಸಿದ್ದಾರೆ. ಪ್ರಯೋಗ ಚೆನ್ನಾಗಿದೆ. ಆದರೆ ಬೀದರಿನ ಮಗುವಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಚೌಬಾರಾ ಗೋಪುರದ ಸುತ್ತಲಿನ ಬಿದರಿ ಅಂಗಡಿಗಳಲ್ಲಿದೆ.

ಬಿದರಿ ಪಾತ್ರೆಯ ಮೈ ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಮಿಶ್ರಲೋಹದ ಪಾಠ ಅಲ್ಲಿಗೇ ಆಯಿತು. ಎರಕ ಹೊಯ್ದು ಉಜ್ಜಿ ನಯಮಾಡಿದ ಮೇಲೆ ಕುಶಲಕರ್ಮಿ ಅದಕ್ಕೆ ಮೈಲುತುತ್ತದ ನೀರು ಹಚ್ಚುತ್ತಾನೆ. ಮೈ ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಕೊರೆದ ಗೆರೆ ಬೆಳ್ಳಗೆ ಕಾಣುತ್ತದೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಸತುವು ತಾಮ್ರವನ್ನು ಹೊರಹಾಕುತ್ತಿದೆ! ಪುಸ್ತಕದಲ್ಲಿರುವ ಸತು ಮತ್ತು ತಾಮ್ರದ ಸಲ್ಫೇಟಿನ ಸಮೀಕರಣವೇ ಇದು. ಆಮೇಲೆ ಬೆಳ್ಳಿ ತಂತಿ ಕೂರಿಸಿ, ಉಜ್ಜಿ, ತುಸು ಬಿಸಿ ಮಾಡಿ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿದ ಲೇಪ ಬಳಿಯುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ. ಏಕೆ ಬೆಳ್ಳಿ ಬದಲಾಗಲಿಲ್ಲ? ಈ ಪ್ರಶ್ನೆ ಕೇಳಿ, ಕ್ರಿಯಾಶೀಲತೆಯ ಸರಣಿ ಇರುವ ಪುಟ ತೆರೆಯಲು ಹೇಳಿ, ವಿಡಿಯೊ ನಿಲ್ಲಿಸಿ. ಸತು ಎಲ್ಲಿದೆ, ಬೆಳ್ಳಿ ಎಲ್ಲಿದೆ ಎಂದು ಮಗುವೇ ಬೆರಳಿಟ್ಟು ನೋಡಲಿ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಸುಬಿನಲ್ಲಿ ಹತ್ತನೇ ತರಗತಿಯ ಅರ್ಧ ರಸಾಯನಶಾಸ್ತ್ರ ಕೂತಿದೆ. ಕುಶಲಕರ್ಮಿಯನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಕೈಗಳನ್ನಷ್ಟೇ ಚಿತ್ರೀಕರಿಸಿದರೂ ಸಾಕು.

ಹಾಗೆಂದು ಎಲ್ಲಕ್ಕೂ ಊರಿನ ಉದಾಹರಣೆ ಒತ್ತಿ ತುರುಕಬಾರದು. ತ್ರಿಕೋನಮಿತಿಯಲ್ಲಿ ಎತ್ತರ ಮತ್ತು ದೂರದ ಲೆಕ್ಕಕ್ಕೆ ಚೌಬಾರಾ ಅಥವಾ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮಿನಾರು ಸಹಜವಾಗಿ ಹೊಂದುತ್ತದೆ. ಬಹುಪದೋಕ್ತಿಗೆ ಕಾರಂಜಾ ಜಲಾಶಯವನ್ನು ಎಳೆದು ತಂದರೆ ಮಗುವಿಗೆ ಗೊಂದಲವೇ ಹೆಚ್ಚು.

ಚಟುವಟಿಕೆಗಳನ್ನು ಮೂರಾಗಿ ವಿಂಗಡಿಸಿ. ಮನೆಯಲ್ಲಿ ಮಾಡುವಂಥವು, ಶಿಕ್ಷಕರು ಮಾಡಿ ವಿಡಿಯೊ ತೋರಿಸುವಂಥವು, ಶಾಲೆಯ ಪ್ರಯೋಗಾಲಯಕ್ಕೇ ಬಿಡುವಂಥವು. ಮೊಳೆಗೆ ತುಕ್ಕು ಹಿಡಿಯುವ ಚಟುವಟಿಕೆಯಲ್ಲಿ ಮೂರು ಪ್ರನಾಳಗಳಿವೆ. ಬರೀ ನೀರಿನದು, ಕುದಿಸಿದ ನೀರಿನ ಮೇಲೆ ಎಣ್ಣೆ ಹಾಕಿದ್ದು, ಇವೆರಡನ್ನು ಮನೆಯ ಗಾಜಿನ ಲೋಟದಲ್ಲೇ ಮಾಡಬಹುದು. ಮೂರನೆಯದಕ್ಕೆ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಅದು ಮನೆಯಲ್ಲಿ ಸಿಗದು. ಅದನ್ನು ಶಿಕ್ಷಕರು ಶಾಲೆಯಲ್ಲಿ ಇಟ್ಟು ದಿನಕ್ಕೊಂದು ಫೋಟೊ ಕಳುಹಿಸಲಿ, ಮಗು ತನ್ನ ಎರಡು ಲೋಟಗಳ ಜೊತೆ ಹೋಲಿಸಲಿ. ಮೆಗ್ನೀಸಿಯಂ ಉರಿಸುವುದು, ಆಮ್ಲವನ್ನು ನೀರಿಗೆ ಬೆರೆಸುವುದು ಇವನ್ನು ಎಂದಿಗೂ ಮನೆಗೆ ಕೊಡಬೇಡಿ. ಮೈಲುತುತ್ತ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಅದು ವಿಷ, ಅದನ್ನೂ ಮನೆಗೆ ಕೊಡಬೇಡಿ. ವಿದ್ಯುಚ್ಛಕ್ತಿಯ ಪಾಠಕ್ಕೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು ಉಚಿತವಾಗಿ ಸಿಗುತ್ತವೆ, ಕೆಲವು ಕನ್ನಡದಲ್ಲೂ ಇವೆ. ಬಲ್ಬು, ಬ್ಯಾಟರಿ ಜೋಡಿಸಿ ಓಮ್‌ನ ನಿಯಮವನ್ನು ಫೋನಿನಲ್ಲೇ ಪರೀಕ್ಷಿಸಬಹುದು.

ದನಿ, ವಿಡಿಯೊ, ಡೇಟಾ

ಒಂದು ವಿಡಿಯೊದಲ್ಲಿ ಒಂದೇ ವಿಷಯ, ಆರು ನಿಮಿಷ ದಾಟದಂತೆ. ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಎಡ್‌ಎಕ್ಸ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ ಆರು ನಿಮಿಷದ ಮೇಲಿನ ವಿಡಿಯೊಗಳಲ್ಲಿ ನೋಡುಗರ ಗಮನ ಜಾರುತ್ತದೆಂದು ಕಂಡುಬಂತು. ಅವರು ಕಾಲೇಜು ಮಟ್ಟದ ಕಲಿಕೆಗಾರರು. ಹದಿನೈದರ ಮಗುವಿಗೆ, ಅದೂ ರಾತ್ರಿ ಒಂಬತ್ತಕ್ಕೆ, ನಾಲ್ಕು ನಿಮಿಷವೇ ಹಿತವೆನ್ನುತ್ತೇನೆ. ನಲವತ್ತು ನಿಮಿಷದ ಪೀರಿಯಡ್ಡನ್ನು ಹಾಗೇ ರೆಕಾರ್ಡ್ ಮಾಡಿ ಹಾಕುವುದರಿಂದ ಶಿಕ್ಷಕರ ಶ್ರಮವೂ ಮಗುವಿನ ಡೇಟಾವೂ ಹಾಳು.

ಎಲ್ಲಕ್ಕೂ ವಿಡಿಯೊ ಬೇಕೇ ಎಂದು ಪ್ರತಿ ಸಲ ಕೇಳಿಕೊಳ್ಳಿ. ಸರ್ಕಾರಿ, ಅನುದಾನಿತ ಶಾಲೆಯ ಮಗುವಿನ ಕೈಯಲ್ಲಿ ಉಚಿತ ಪಠ್ಯಪುಸ್ತಕ ಈಗಾಗಲೇ ಇದೆ. ಚಿತ್ರ ಅಲ್ಲಿದೆ, ಸಮೀಕರಣ ಅಲ್ಲಿದೆ. ಆ ಪುಟ ತೆರೆಯಲು ಹೇಳಿ, ಚಿತ್ರದ ಮೇಲೆ ಬೆರಳಾಡಿಸುವಂತೆ ಮಾಡಿ, ದನಿಯಲ್ಲಿ ವಿವರಿಸಿದರೆ ಬಹಳಷ್ಟು ಪಾಠ ಆಗಿಹೋಗುತ್ತದೆ. ಸೆಕೆಂಡಿಗೆ 32 ಕಿಲೋಬಿಟ್ ಲೆಕ್ಕದಲ್ಲಿ ಆರು ನಿಮಿಷದ ಧ್ವನಿ ಫೈಲ್ ಸುಮಾರು 1.4 ಎಂಬಿ. ವಿಡಿಯೊ ಅದರ ಹಲವು ಪಟ್ಟು. ಕೈಯ ಚಲನೆ, ಬಣ್ಣದ ಬದಲಾವಣೆ, ಹಂತಹಂತವಾಗಿ ಬಿಡಿಸುವ ಲೆಕ್ಕ ಇದ್ದಾಗ ವಿಡಿಯೊ ಮಾಡಿ, ಉಳಿದದ್ದಕ್ಕೆ ಪುಸ್ತಕ ಮತ್ತು ದನಿ ಸಾಕು. ಫ್ಯಾನ್ ಬಂದ್ ಮಾಡಿ, ಇಯರ್‌ಫೋನಿನ ಮೈಕ್ ಬಳಸಿ. ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ದನಿ ಕೇಳದಿದ್ದರೆ ಬಿಟ್ಟು ಹೋಗುತ್ತಾರೆ.

ವೇದಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಟ್ಸ್‌ಆ್ಯಪ್ ಮತ್ತು ಗೂಗಲ್ ಫಾರ್ಮ್‌ನಿಂದ ಶುರುಮಾಡಿ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಬಿಡುಗಡೆ ಮಾಡಿದ ಮೂಡಲ್ ಉಚಿತ ತಂತ್ರಾಂಶ, ಅದರ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಆದರೆ ಸರ್ವರ್ ನೋಡಿಕೊಳ್ಳುವವರು ಒಬ್ಬರಿದ್ದರೆ ಮಾತ್ರ ಅದರ ತಂಟೆಗೆ ಹೋಗಿ.

ಯಾವ ಕನ್ನಡದಲ್ಲಿ?

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಮಗುವಿಗೆ ತಿಳಿಯುವ ಭಾಷೆಯಲ್ಲಿ ಕಲಿಸಲು ಈ ಸೀಮೆಯಲ್ಲಿ ಅಷ್ಟು ಪಣ ತೊಟ್ಟವರಿದ್ದರು. ಇಂದು ಔರಾದ್, ಕಮಲನಗರ ಕಡೆಯ ಮಗು ಮನೆಯಲ್ಲಿ ಮರಾಠಿ ಆಡಬಹುದು, ತಾಂಡಾದ ಮಗು ಲಂಬಾಣಿ, ಬೀದರ್ ಓಣಿಯ ಮಗು ದಖ್ಖನಿ. ಕನ್ನಡವೇ ಮನೆಮಾತಾದ ಮಗುವಿಗೂ ‘ಪ್ರತ್ಯಾಮ್ಲ’ ಹೊಸ ಪದ.

ಪರೀಕ್ಷೆಯಲ್ಲಿ ಬರೆಯಬೇಕಾದ ಪದಗಳು ಪುಸ್ತಕದ್ದೇ ಆಗಿರಲಿ, ವಿವರಣೆ ಮಾತ್ರ ಊರ ಮಾತಿನಲ್ಲಿರಲಿ. “ಸತುವು ತಾಮ್ರಕ್ಕ ಹೊರಗ ಹಾಕ್ತದ, ಅದರ ಜಾಗಾದಾಗ ತಾನು ಕೂಡ್ತದ. ಇದಕ್ಕ ಪುಸ್ತಕದಾಗ ಸ್ಥಾನಪಲ್ಲಟ ಕ್ರಿಯೆ ಅಂತಾರ” ಎಂದು ಮೊದಲು ಹೇಳಿ, ಆಮೇಲೆ ಪುಸ್ತಕದ ವಾಕ್ಯವನ್ನು ನಿಧಾನವಾಗಿ ಓದಿಸಿ. ಕ್ಯಾಮೆರಾ ಕಂಡೊಡನೆ ಬೆಂಗಳೂರಿನ ವಾರ್ತಾವಾಚಕರಂತೆ ಮಾತಾಡಲು ಹೊರಟರೆ ಮಗು ದೂರ ಸರಿಯುತ್ತದೆ. ತನ್ನ ಸರ್, ತನ್ನ ಮೇಡಂ ತರಗತಿಯಲ್ಲಿ ಆಡುವ ದನಿಯೇ ಫೋನಿನಲ್ಲೂ ಕೇಳಬೇಕು. ಪ್ರತಿ ಪಾಠಕ್ಕೆ ಹದಿನೈದು ಇಪ್ಪತ್ತು ಪಾರಿಭಾಷಿಕ ಪದಗಳ ಪಟ್ಟಿಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಟ್ಟರೆ ಮುಂದೆ ಪಿಯುಸಿ ವಿಜ್ಞಾನಕ್ಕೆ ಹೋಗುವ ಮಗು ಮೊದಲ ತಿಂಗಳು ಕಂಗಾಲಾಗುವುದಿಲ್ಲ.

ಪ್ರಶ್ನೆಗಳೇ ಪಾಠ

ಕೋರ್ಸಿನ ಜೀವಾಳ ಇಲ್ಲಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಆದರೆ ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರಿಗೇ ಹೆಚ್ಚು ನೆನಪಿತ್ತು. ಹಾಗಾಗಿ ಪ್ರತಿ ತುಂಡಿನ ಕೊನೆಗೆ ಪುಸ್ತಕ ಮುಚ್ಚಿ ಉತ್ತರಿಸುವ ಮೂರು ಪ್ರಶ್ನೆ ಇಡಿ. ಮರುದಿನ ಒಂದು, ವಾರದ ನಂತರ ಇನ್ನೊಂದು.

ಗೂಗಲ್ ಫಾರ್ಮ್‌ನಲ್ಲಿ ಪ್ರತಿ ತಪ್ಪು ಉತ್ತರದ ಹಿಂದಿನ ಯೋಚನೆಯನ್ನು ಹಿಡಿಯಬಹುದು. 7, 11, 15… ಈ ಸಮಾಂತರ ಶ್ರೇಢಿಯ 10ನೇ ಪದ ಯಾವುದು? ಉತ್ತರ 43. ಆಯ್ಕೆಗಳಲ್ಲಿ 47 ಇಡಿ, ಏಕೆಂದರೆ ಒಂಬತ್ತರ ಬದಲು ಹತ್ತು ಸಲ ನಾಲ್ಕು ಕೂಡಿಸಿದ ಮಗು ಅಲ್ಲಿಗೆ ಬರುತ್ತದೆ. 36 ಇಡಿ, ಮೊದಲ ಪದವನ್ನೇ ಮರೆತ ಮಗು ಅದನ್ನು ಆರಿಸುತ್ತದೆ. 47 ಒತ್ತಿದವರಿಗೆ “ಎರಡನೇ ಪದಕ್ಕೆ ಹೋಗಲು ಎಷ್ಟು ಸಲ ಕೂಡಿಸಿದಿ? ಹತ್ತನೆಯದಕ್ಕೆ?” ಎಂಬ ಪ್ರಶ್ನೆ ತೋರುವಂತೆ, ಉತ್ತರಕ್ಕೆ ತಕ್ಕ ಬೇರೆ ವಿಭಾಗಕ್ಕೆ ಕಳುಹಿಸುವ ಸೌಲಭ್ಯ ಫಾರ್ಮ್‌ನಲ್ಲಿದೆ. ಹತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ ಶಿಕ್ಷಕರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂಬುದು ಬೆರಳ ತುದಿಯಲ್ಲಿರುತ್ತದೆ. ಹೈದರಾಬಾದ್, ಬೆಂಗಳೂರಿನ ದೊಡ್ಡ ಆ್ಯಪ್‌ಗಳ ಬಳಿ ಇಲ್ಲದ ಸಂಪತ್ತು ಅದು.

ಬರೆಯುವ ಪ್ರಶ್ನೆಗಳಿಗೆ ಉತ್ತರ ನೋಟ್‌ಬುಕ್ಕಿನಲ್ಲೇ ಇರಲಿ, ಫೋಟೊ ಕಳುಹಿಸಲಿ. ಪರೀಕ್ಷೆ ಕೊನೆಗೂ ಪೆನ್ನಿನದೇ. ಎಲ್ಲರ ಎಲ್ಲ ಉತ್ತರವನ್ನೂ ತಿದ್ದಲಾಗದು, ವಾರಕ್ಕೆ ಒಂದನ್ನು ತಿದ್ದಿ ದನಿಯ ಸಂದೇಶದಲ್ಲಿ ಮಗುವಿನ ಹೆಸರು ಕರೆದು ಹೇಳಿ.

ಹಕ್ಕು, ಅಕ್ಷರ, ಎಚ್ಚರ

ಪಠ್ಯಪುಸ್ತಕಕ್ಕೆ ಕೃತಿಸ್ವಾಮ್ಯವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಬೋಧನೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಕೃತಿಯ ನಕಲು ಬಳಸಲು ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಈ ಅವಕಾಶವನ್ನು ವಿಶಾಲವಾಗಿಯೇ ಅರ್ಥೈಸಿತು. ನಿಮ್ಮ ತರಗತಿಯ ಮಕ್ಕಳಿಗೆ ಕಲಿಸುವುದು ಒಂದು, ಪುಸ್ತಕದ ಪುಟಗಳನ್ನು ಹಾಕಿ ಹಣ ಬರುವ ಚಾನೆಲ್ ನಡೆಸುವುದು ಅಥವಾ ಆ್ಯಪ್ ಮಾರುವುದು ಬೇರೆ. ಎರಡನೆಯದಕ್ಕೆ ಅನುಮತಿ ಬೇಕು. ಪುಟಸಂಖ್ಯೆ ಹೇಳಿ ಪುಸ್ತಕ ತೆರೆಸುವ ವಿಧಾನದಲ್ಲಿ ಈ ತೊಡಕೇ ಇಲ್ಲ.

ಪುಸ್ತಕದ ಪಿಡಿಎಫ್‌ನಿಂದ ವಾಕ್ಯ ನಕಲಿಸಿ ಅಂಟಿಸಿದರೆ ಕೆಲವೊಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಹಳೆಯ ನುಡಿ ಮಾದರಿಯ ಫಾಂಟ್ ಯೂನಿಕೋಡ್ ಅಲ್ಲ, ಅದೇ ಕಾರಣ. ಪರಿವರ್ತಕಗಳು ಸಿಗುತ್ತವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ ತಿದ್ದಬೇಕು. ಚಿಕ್ಕ ಪ್ರಶ್ನೆಗಳನ್ನು ಹೊಸದಾಗಿ ಟೈಪ್ ಮಾಡುವುದೇ ಸುಲಭ.

ಹೊಸದಾಗಿ ಮಾಡುವ ಮೊದಲು ಇರುವುದನ್ನು ಹುಡುಕಿ. 2017ರ ಶಿಕ್ಷಕರ ದಿನದಂದು ಶುರುವಾದ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡ್‌ಗಳು ಪುಸ್ತಕದಲ್ಲೇ ಅಚ್ಚಾಗಿವೆ. ಡಿಎಸ್ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಕರ ಜೊತೆಗೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದ ಪಾಠ ಸಾಮಗ್ರಿ ಇದೆ. ಚೆನ್ನಾಗಿರುವುದಕ್ಕೆ ಕೊಂಡಿ ಕೊಡಿ, ನಿಮ್ಮ ಹೊತ್ತನ್ನು ಬಿದರಿಯಂಥ ಪಾಠಕ್ಕೆ ಉಳಿಸಿಕೊಳ್ಳಿ.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ತಂದೆತಾಯಿ ಇದಕ್ಕೆ ಹಿಂಜರಿಯುವುದು ಸರಿಯಾಗಿಯೇ ಇದೆ. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿದರೆ ಈ ತೊಂದರೆಯಿಲ್ಲ, ಆದರೆ ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ, ಪೋಷಕರ ಒಪ್ಪಿಗೆ ಕೇಳುತ್ತದೆ. ಪಾಲಕರ ಸಭೆಯಲ್ಲಿ ವಿಷಯ ತಿಳಿಸಿ ಸಹಿ ಪಡೆಯಿರಿ. ಮಕ್ಕಳ ಮುಖವಿರುವ ವಿಡಿಯೊ, ಅಂಕಪಟ್ಟಿ ಯಾವುದೂ ಸಾರ್ವಜನಿಕವಾಗಿ ಹೋಗಬಾರದು.

ಮೊದಲ ಪಾಠ ಸಿದ್ಧವಾದೊಡನೆ ಎಲ್ಲರಿಗೂ ಕಳುಹಿಸಬೇಡಿ. ಓದಿನಲ್ಲಿ ಹಿಂದಿರುವ ನಾಲ್ಕೈದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ, ಅವರದೇ ಮನೆಯ ಫೋನಿನಲ್ಲಿ ತೆರೆಯಲು ಹೇಳಿ, ನೀವು ಬಾಯಿ ತೆರೆಯದೆ ನೋಡಿ. ಎಲ್ಲಿ ಬೆರಳು ನಿಂತಿತು, ಎಲ್ಲಿ ವಿಡಿಯೊ ಮುಂದಕ್ಕೆ ಓಡಿಸಿದರು, ಯಾವ ಪ್ರಶ್ನೆಗೆ ಪಕ್ಕದವರ ಮುಖ ನೋಡಿದರು ಎಂದು ಬರೆದುಕೊಂಡು ಆ ಜಾಗಗಳನ್ನು ಮತ್ತೆ ಮಾಡಿ. ಒಂದು ತಾಲ್ಲೂಕಿನಲ್ಲಿ ವಿಜ್ಞಾನದ ಐದಾರು ಶಿಕ್ಷಕರು ಪಾಠ ಹಂಚಿಕೊಂಡರೆ ವರ್ಷದೊಳಗೆ ಪುಸ್ತಕ ಮುಗಿಯುತ್ತದೆ. ಬಿಇಒ ಕಚೇರಿಗೂ ಬೀದರಿನ ಡಯಟ್‌ಗೂ ತಿಳಿಸಿದರೆ ತಾಲ್ಲೂಕಿನ ಇತರ ಶಾಲೆಗಳಿಗೆ ಅದು ಮುಟ್ಟುವುದು ಸುಲಭ. ಮಾಡಿದ್ದರ ಮೇಲೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಬರೆದು, ದನಿ ಇಲ್ಲದ ಪ್ರತಿಯನ್ನೂ ಬೇರೆಯಾಗಿ ಇಡಿ. ಔರಾದಿನ ಮರಾಠಿ ಮಾಧ್ಯಮದ ಶಿಕ್ಷಕಿ, ಬೀದರಿನ ಉರ್ದು ಮಾಧ್ಯಮದ ಶಿಕ್ಷಕರು ಅದೇ ಬಿದರಿ ವಿಡಿಯೊದ ಮೇಲೆ ತಮ್ಮ ಮಕ್ಕಳ ಭಾಷೆಯಲ್ಲಿ ಮಾತು ಕೂಡಿಸಿಕೊಳ್ಳಬಹುದು.